ಢಾಲು ಗೆದ್ದ ಮೇಳ

ಶೇಖಪ್ಪ ದಾಂಡೇಲಿಗೆ ಬಂದದ್ದು ಐವತ್ತೆಂಟನೇ ಇಸವಿಯಲ್ಲಿ. ಕಾಗದದ ಮಿಲ್ಲಿಗೆ ಆಳು ತಗೊಳ್ಳುತ್ತಿದ್ದಾರೆ ಎಂಬ ಸುದ್ದಿ ಧಾರವಾಡದ ಸುತ್ತಲಿನ ಹಳ್ಳಿಗಳಿಗೆಲ್ಲ ಮುಟ್ಟಿದ್ದ ಕಾಲ ಅದು. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಹೆಂಡತಿ ಸಕ್ಕುಬಾಯಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಇಷ್ಟರೊಂದಿಗೆ ಅಳ್ನಾವರದಲ್ಲಿ ಗಾಡಿ ಬದಲಿಸಿ ಬಂದಿಳಿದ. ಬಿದಿರು ಚೂರು ಮಾಡುವ ಯಂತ್ರದ ಬಾಯಿಗೆ ಗಳ ನೂಕುವ ಕೆಲಸ ಸಿಕ್ಕಿತು. ಯಂತ್ರದ ಗದ್ದಲದಲ್ಲಿ ಪಕ್ಕದವನ ಮಾತು ತಿಳಿಯಬೇಕಾದರೆ ಅವನ ತುಟಿ ನೋಡಬೇಕು. ಪಾಳಿ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತರೂ ಕಿವಿಯೊಳಗೆ ಅದೇ ಸದ್ದು ಗುಂಯ್ಗುಡುತ್ತಿತ್ತು.

ಅಂಥ ಕಿವಿಯಲ್ಲೂ ಶೇಖಪ್ಪ ಅಪಸ್ವರ ಬಂದರೆ ಥಟ್ಟನೆ ಹಿಡಿಯುತ್ತಿದ್ದ. ಅದು ಅವನ ತಂದೆಯ ಬಳುವಳಿ. ತಂದೆ ಊರ ಭಜನಾ ಮೇಳದಲ್ಲಿ ಮುಂದಾಗಿ ಹಾಡುವವನು. ಮಗನಿಗೆ ಹೊಲವೆಂದು ಕೊಟ್ಟದ್ದೇನೂ ಇಲ್ಲ; ಕಂಠ ಕೊಟ್ಟಿದ್ದ, ರಾಶಿ ತತ್ವಪದ ಬಾಯಿಪಾಠ ಮಾಡಿಸಿದ್ದ.

ಕೆಲಸಗಾರರ ಚಾಳಿನಲ್ಲಿ ಒಂದೇ ಊರಿನವರು ಅಂತ ಇರಲಿಲ್ಲ. ಬೆಳಗಾವಿ ಕಡೆಯವರೊಬ್ಬರಾದರೆ ಹುಬ್ಬಳ್ಳಿ ಕಡೆಯವರಿನ್ನೊಬ್ಬರು, ಮಗ್ಗುಲ ಮನೆಯಲ್ಲಿ ಮರಾಠಿ ಮಾತಾಡುವವರು. ಗಂಡಸರಿಗೆ ಮಿಲ್ಲಿನೊಳಗೆ ಪರಿಚಯವಾಗುತ್ತಿತ್ತು. ಹೆಂಗಸರಿಗೆ ನಳದ ಹತ್ತಿರ. ಮುದುಕರಿಗೆ ಮಾತ್ರ ಎಲ್ಲೂ ಆಗುತ್ತಿರಲಿಲ್ಲ.

ಹಾಗೆ ಎಲ್ಲೂ ಸೇರದೆ ಕೂತಿದ್ದವರಲ್ಲಿ ಲಗಮಪ್ಪ ಒಬ್ಬ. ಶೇಖಪ್ಪನ ಪಾಳಿಯಲ್ಲೇ ದುಡಿಯುತ್ತಿದ್ದ ಗೂಳಪ್ಪನ ತಂದೆ. ಅರವತ್ತು ದಾಟಿದ ಮನುಷ್ಯ, ಹೆಂಡತಿ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದಿದ್ದ. ಸೊಸೆ ಕೆಟ್ಟವಳಲ್ಲ, ಆದರೆ ಒಂದೇ ಖೋಲಿಯ ಮನೆಯಲ್ಲಿ ಹಗಲೆಲ್ಲ ಮುದುಕ ಎಲ್ಲಿ ಕೂಡಬೇಕು? ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಊರಿಂದ ಬರುವಾಗ ಒಂದು ಜೊತೆ ಕಂಚಿನ ತಾಳ ತಂದಿದ್ದ. ಸಂಜೆ ಹೊತ್ತು ಇಳಿದ ಮೇಲೆ ಅವನ್ನು ಬಾರಿಸುತ್ತ, ತನ್ನಷ್ಟಕ್ಕೆ ಏನೋ ಪದ ಗುನುಗುತ್ತಿದ್ದ. ಪದ ಒಂದು ದಾರಿ, ತಾಳ ಒಂದು ದಾರಿ. ಚಾಳಿನ ಮಕ್ಕಳು ಅವನ ಮುಂದೆ ನಿಂತು ಬೇಕೆಂದೇ ತಪ್ಪು ತಪ್ಪು ಚಪ್ಪಾಳೆ ತಟ್ಟಿ ನಗುತ್ತಿದ್ದರು. ಮುದುಕನೂ ಅವರ ಜೊತೆ ನಗುತ್ತಿದ್ದ.

ಒಂದು ಸೋಮವಾರ ಶೇಖಪ್ಪ ಪಾಳಿ ಮುಗಿಸಿ ಬರುವಾಗ ಆ ಪದದ ಗುರುತು ಹತ್ತಿತು. ತನ್ನ ತಂದೆ ಹಾಡುತ್ತಿದ್ದ ಪದ. ಅವನು ನಿಂತ. ಕೈಯಲ್ಲಿದ್ದ ಬುತ್ತಿ ಗಂಟನ್ನು ಕಟ್ಟೆಯ ಮೇಲಿಟ್ಟು ಮುಂದಿನ ನುಡಿಯನ್ನು ಎತ್ತಿಕೊಂಡ. ಮುದುಕ ಬೆಚ್ಚಿ ತಲೆಯೆತ್ತಿ ನೋಡಿದ, ತಾಳ ನಿಲ್ಲಿಸಲಿಲ್ಲ. ತಾಳ ಹಿಂದೆ ಬಿದ್ದಲ್ಲಿ ಶೇಖಪ್ಪ ಸ್ವರವನ್ನು ಎಳೆದು ಕಾದ, ಮುಂದೆ ಓಡಿದಲ್ಲಿ ತಾನೂ ಬಿರುಸಾದ. ಪದ ಮುಗಿಯುವ ಹೊತ್ತಿಗೆ ಹತ್ತಾರು ಮಂದಿ ಸುತ್ತ ಕೂಡಿದ್ದರು.

"ಯಾವೂರಾವ್ನೋ ತಮ್ಮಾ ನೀ?" ಎಂದ ಲಗಮಪ್ಪ. ಅವನ ಕಣ್ಣು ತುಂಬಿದ್ದವು.

"ಧಾರವಾಡದ ಕಡೆಯಾವ್ರಿ ಕಾಕಾ."

"ನಾಳೆ ಬಾರಲಾ. ದಿನಾ ಬಾ. ಇಲ್ಲಾ, ದಿನಾ ಬ್ಯಾಡ, ದುಡಿಯೋ ಮನಷ್ಯಾ ನೀ. ಸೋಮವಾರಕ್ಕೊಮ್ಮೆ ಬಾ."

ಮೇಳ ಹುಟ್ಟಿದ್ದು ಹೀಗೆ. ಮುಂದಿನ ಸೋಮವಾರ ಗೂಳಪ್ಪ ಕಂದೀಲು ತಂದಿಟ್ಟ. ಅದರ ಮುಂದಿನ ವಾರ ಲಾರಿ ಗ್ಯಾರೇಜಿನ ಮನ್ಸೂರ ಬಂದ. ಅವನು ಮೆಕ್ಯಾನಿಕ್, ಶೇಖಪ್ಪನ ವಯಸ್ಸಿನವನೇ. ಹುಬ್ಬಳ್ಳಿಯಲ್ಲಿದ್ದಾಗ ಯಾರದೋ ಹಾಳಾದ ಹಾರ್ಮೋನಿಯಂ ಬಿಚ್ಚಿ ರಿಪೇರಿ ಮಾಡುತ್ತ ಮಾಡುತ್ತ ನುಡಿಸುವುದನ್ನೇ ಕಲಿತಿದ್ದ. ಆ ಭಾಗದಲ್ಲಿ ಅದಕ್ಕೆ ಪೇಟಿ ಅನ್ನುತ್ತಾರೆ. ಎಣ್ಣೆಯ ಕಲೆಯ ಬೆರಳುಗಳಿಂದ ಅವನು ಪೇಟಿ ಬಾರಿಸತೊಡಗಿದ ಮೇಲೆ ಭಜನೆಗೆ ಒಂದು ಕಳೆ ಬಂತು. ಹೆಂಗಸರು ಮೊದಮೊದಲು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ತೊಪ್ಪಲು ಪಲ್ಲೆ ಮಾರುವ ಮಾಲವ್ವ, ಐವತ್ತರ ಗಟ್ಟಿ ಹೆಂಗಸು, ಒಂದು ದಿನ ಬುಟ್ಟಿ ಸಮೇತ ಬಂದು ಕೂತೇಬಿಟ್ಟಳು. ಅವಳ ಹಿಂದೆ ಉಳಿದವರು ಬಂದರು, ಸಕ್ಕುಬಾಯಿಯೂ ಬಂದಳು.

ಸಕ್ಕುಬಾಯಿಗೆ ತಾಯಿಯಿಂದ ಕಲಿತ ಹಾಡು ಬಹಳ ಬರುತ್ತಿದ್ದವು. ದನಿ ದೊಡ್ಡದಲ್ಲ. ಮೇಲಿನ ಸ್ವರಕ್ಕೆ ಹೋದಾಗ ತುಸು ಕೆಳಗೇ ನಿಲ್ಲುತ್ತಿತ್ತು. ಆದರೆ ಅವಳು ಹಾಡುವಾಗ ಕೇಳುವವರು ಕೈಯಲ್ಲಿನ ಕೆಲಸ ಬಿಡುತ್ತಿದ್ದರು. ಒಂದು ಪದವಂತೂ ಗಂಡ ಎತ್ತುವುದು, ಹೆಂಡತಿ ಮರುನುಡಿ ಹೇಳುವುದು ಎಂದೇ ರೂಢಿಯಾಗಿತ್ತು. ಮಕ್ಕಳಿಲ್ಲದ ಆ ಗಂಡಹೆಂಡಿರು ದಿನದಲ್ಲಿ ಬಿಚ್ಚುಮನಸ್ಸಿನಿಂದ ಮಾತಾಡುತ್ತಿದ್ದುದು ಕಡಿಮೆ. ಸೋಮವಾರ ಆ ಪದಕ್ಕೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಮೂರು ವರ್ಷ ಹಾಗೇ ನಡೆಯಿತು. ಇಪ್ಪತ್ತರ ಹುಡುಗರಿಂದ ಹಿಡಿದು ಹಲ್ಲುದುರಿದ ಮುದುಕರವರೆಗೆ ಯಾರು ಬಂದರೂ ಜಾಗವಿತ್ತು. ಕೆಲವರಿಗೆ ಹಾಡಲು ಬರುತ್ತಿತ್ತು, ಬಹಳ ಮಂದಿಗೆ ಬರುತ್ತಿರಲಿಲ್ಲ. ಬಾರದವರೇ ಹೆಚ್ಚು ಜೋರಾಗಿ ಹಾಡುತ್ತಿದ್ದರು. ಲಗಮಪ್ಪನ ತಾಳವಂತೂ ಒಂದು ದಿನವೂ ಸರಿಹೋಗಲಿಲ್ಲ. ಶೇಖಪ್ಪ ಅದರ ಹಿಂದೆ ಮುಂದೆ ಓಡಾಡುತ್ತಲೇ ಪದ ದಡ ಮುಟ್ಟಿಸುತ್ತಿದ್ದ. ಕೊನೆಗೆ ಚುರಮರಿ ಹಂಚುವುದು, ಎಲೆ ಅಡಿಕೆ, ನಗು. ಮಾರನೆಯ ದಿನ ಯಂತ್ರದ ಮುಂದೆ ನಿಂತಾಗ ಮೈ ಹಗುರ ಎನಿಸುತ್ತಿತ್ತು.

ಅರವತ್ತೊಂದರಲ್ಲಿ ಶೇಖಪ್ಪ, ಮನ್ಸೂರ ಇಬ್ಬರೂ ಹಳಿಯಾಳಕ್ಕೆ ಹೋಗಿ ಅಲ್ಲಿನ ಭಜನಾ ಸ್ಪರ್ಧೆ ನೋಡಿ ಬಂದರು. ಮಠದ ಅಂಗಳದಲ್ಲಿ ಚಪ್ಪರ ಹಾಕಿ, ಹಳ್ಳಿಹಳ್ಳಿಯ ಮೇಳಗಳನ್ನು ಕರೆದು, ಗೆದ್ದವರಿಗೆ ಢಾಲು ಕೊಡುತ್ತಿದ್ದರು. ಕಟ್ಟಿಗೆಯ ಹಲಗೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ತಗಡಿನ ಹೂವು, ನಡುವೆ ವೀಣೆ. ಆ ವರ್ಷ ಗೆದ್ದ ಮೇಳ ಹಾಡಿದ್ದು ಕೇಳಿ ಶೇಖಪ್ಪನಿಗೆ ರೋಮಾಂಚನವಾಯಿತು. ಒಬ್ಬನೇ ಬಾಯಿ ತೆರೆದಂತೆ ಎಲ್ಲರೂ ಹಾಡಿದರು. ತಾಳ ಒಂದು ಕೂದಲೆಳೆ ಅತ್ತಿತ್ತ ಆಗಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಅವನು, "ಮನ್ಸೂರ, ನಮ್ಮ ಮೇಳಾನೂ ಹಿಂಗ ಹಾಡಬೇಕು ನೋಡು" ಎಂದ.

"ಯಾರನ್ನ ಕಟ್ಟಿಕೊಂಡು ಹಾಡತೀಪಾ?" ಎಂದು ಮನ್ಸೂರ ನಕ್ಕ. "ಲಗಮಪ್ಪ ಕಾಕಾನ್ನ?"

ಅವನು ಅಂದದ್ದು ಬರೀ ಚೇಷ್ಟೆಗೆ. ಶೇಖಪ್ಪನಿಗೆ ಅದು ಒಳಗೆ ಹೋಗಿ ನಾಟಿತು.

ಮುಂದಿನ ಸೋಮವಾರದಿಂದ ಅವನ ಕಿವಿ ಬೇರೆಯಾಯಿತು. ಮಾಲವ್ವನ ಒರಟು ದನಿ, ಗೂಳಪ್ಪ ನುಂಗುವ ಅಕ್ಷರ, ಲಗಮಪ್ಪನ ತಾಳ, ಒಂದೊಂದೂ ಮುಳ್ಳಿನ ಹಾಗೆ ಚುಚ್ಚತೊಡಗಿದವು. ಮೊದಲಿನ ಹಾಗೆ ತಾಳಕ್ಕೆ ಕಾಯುವುದನ್ನು ಬಿಟ್ಟ. ಮುದುಕ ಹಿಂದೆ ಬಿದ್ದರೆ ಬೀಳಲಿ ಎಂದು ತಾನು ಮುಂದೆ ಹೋದ. ಮುದುಕ ಗಾಬರಿಯಾಗಿ ಇನ್ನಷ್ಟು ತಪ್ಪಿದ. ಚಾಳಿಗೆ ಹೊಸದಾಗಿ ಬಂದಿದ್ದ ಮಹಾಂತಪ್ಪ ಎಂಬ ತರುಣನಿಗೆ ತಾಳಜ್ಞಾನ ಚೆನ್ನಾಗಿತ್ತು, ಕಂಠವೂ ಇತ್ತು. ಶೇಖಪ್ಪ ಅವನನ್ನು, ಇನ್ನೂ ನಾಲ್ಕಾರು ಹುಡುಗರನ್ನು ಬೇರೆ ದಿನ ಕೂಡಿಸಿಕೊಂಡು ತಾಲೀಮು ಸುರು ಮಾಡಿದ.

ಒಂದು ಸಂಜೆ ಎಲ್ಲರ ಎದುರಿಗೆ ಆ ಗಂಡಹೆಂಡಿರ ಪದ ಬಂದಿತ್ತು. ಸಕ್ಕುಬಾಯಿ ಮೇಲಿನ ಸ್ವರಕ್ಕೆ ಹೋದಳು. ಶೇಖಪ್ಪ ಕೈ ಎತ್ತಿ ಹಾಡು ನಿಲ್ಲಿಸಿದ.

"ನೀ ಒಂದಿಷ್ಟು ಸುಮ್ಮನ ಕುಂಡ್ರು. ಸೂರ ಕೆಡಸಾಕತ್ತಿ. ಮಹಾಂತಪ್ಪ, ಆ ನುಡಿ ನೀ ಹೇಳು."

ಸಕ್ಕುಬಾಯಿ ಸೆರಗು ಸರಿ ಮಾಡಿಕೊಂಡು ಕೂತಳು. ಎದ್ದು ಹೋಗಲಿಲ್ಲ. ಭಜನೆ ಮುಗಿಯುವವರೆಗೂ ಕೂತಿದ್ದು, ಚುರಮರಿಯನ್ನೂ ಹಂಚಿ, ಮನೆಗೆ ಹೋದಳು. ಶೇಖಪ್ಪ ಅದನ್ನು ಅಲ್ಲಿಗೇ ಮರೆತ.

ಸ್ಪರ್ಧೆ ಹತ್ತಿರ ಬಂತು. ಯಾರು ಹೋಗಬೇಕು ಎಂಬ ಮಾತು ಎದ್ದಿತು. ಎಲ್ಲರೂ ಹೊರಡುವವರೇ. ಮಾಲವ್ವ ಇಳಕಲ್ ಸೀರೆ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದಳು. ಲಗಮಪ್ಪ ಹುಣಿಸೆಹಣ್ಣು ಹಚ್ಚಿ ತಾಳ ತಿಕ್ಕಿ ಫಳಫಳ ಮಾಡಿ ಇಟ್ಟುಕೊಂಡಿದ್ದ. ನಿಮ್ಮ ತಾಳ ಸರಿಯಿಲ್ಲ ಎಂದು ಅಷ್ಟು ದೊಡ್ಡ ಮನುಷ್ಯನಿಗೆ ಹೇಳುವುದು ಹೇಗೆ? ಆಗ ಶೇಖಪ್ಪನ ಬಾಯಿಗೆ ಒಂದು ಸುಳ್ಳು ತಾನಾಗಿ ಬಂತು.

"ಅಲ್ಲೊಂದು ನೇಮ ಐತ್ರಿ ಕಾಕಾ. ಹತ್ತು ಮಂದಿಗಿಂತ ಹೆಚ್ಚು ಚಪ್ಪರದೊಳಗ ಕೂಡಸೂದಿಲ್ಲಂತ."

ಮನ್ಸೂರ ಪೇಟಿಯ ತಿದಿ ಒತ್ತುತ್ತಿದ್ದವನು ಶೇಖಪ್ಪನ ಮುಖ ನೋಡಿದ. ಹೋದ ವರ್ಷ ಅವನೂ ಅಲ್ಲಿದ್ದ. ಅಂಥ ನೇಮವೇನೂ ಇರಲಿಲ್ಲ. ಆದರೂ ಅವನು ಸುಮ್ಮನೆ ತಲೆ ತಗ್ಗಿಸಿದ.

ಲಗಮಪ್ಪ ತಾಳವನ್ನೊಮ್ಮೆ ಧೋತರದ ಅಂಚಿನಿಂದ ಒರೆಸಿದ. "ನೇಮ ಅಂದಮ್ಯಾಲೆ ಆತಪಾ. ಹುಡುಗೂರು ಹೋಗ್ಲಿ. ನಾ ಮುದುಕ, ನಾ ಕುಂತು ಕೇಳ್ತೇನಿ. ಆದರ ಈ ತಾಳ ಒಯ್ರಿ. ಇಂಥಾ ನಾದ ಬ್ಯಾರೆ ಕಡೆ ಸಿಗೂದಿಲ್ಲ." ಎದ್ದು ಹೋಗಿ ಮಹಾಂತಪ್ಪನ ಕೈಯಲ್ಲಿ ತಾನೇ ಕೊಟ್ಟ.

ಮಾಲವ್ವ ಮಾತ್ರ, "ನಾ ಬರೇ ನೋಡಾಕ ಯಾಕ ಬರ್ಲಿ? ನನಗ ಪಲ್ಲೆ ಮಾರೂದೈತಿ" ಎಂದು ಬುಟ್ಟಿ ಎತ್ತಿಕೊಂಡಳು.

ಸ್ಪರ್ಧೆಯ ದಿನ ಮನ್ಸೂರನ ಗ್ಯಾರೇಜಿನ ಲಾರಿಯಲ್ಲಿ ಹೊರಟರು. ಹಾಡುವವರು ಹತ್ತು ಮಂದಿ, ಕೇಳುವವರೆಂದು ಲಗಮಪ್ಪ, ಗೂಳಪ್ಪ, ಸಕ್ಕುಬಾಯಿ, ಇನ್ನೂ ಕೆಲವರು. ಹಳಿಯಾಳ ಮುಟ್ಟಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಇವರಿಗಿಂತ ಮೊದಲು ಹಾಡುವ ಮೇಳ ಚಪ್ಪರಕ್ಕೆ ಬಂತು. ಯಾವುದೋ ಸಣ್ಣ ಹಳ್ಳಿಯದು. ಒಬ್ಬರ ಹಿಂದೆ ಒಬ್ಬರು ಏರುತ್ತಲೇ ಇದ್ದರು, ಇಪ್ಪತ್ತಕ್ಕೂ ಮೇಲಿದ್ದರು. ಅಜ್ಜಂದಿರು, ಮೊಮ್ಮಕ್ಕಳನ್ನು ಬಗಲಲ್ಲಿ ಇಟ್ಟುಕೊಂಡ ಹೆಂಗಸರು, ಕೋಲು ಊರಿಕೊಂಡು ಬಂದ ಕುರುಡನೊಬ್ಬ. ಯಾರೂ ಅವರನ್ನು ಎಣಿಸಲಿಲ್ಲ, ಯಾರೂ ತಡೆಯಲಿಲ್ಲ.

ಶೇಖಪ್ಪ ಚಪ್ಪರದ ಮಗ್ಗುಲಲ್ಲಿ ನಿಂತಿದ್ದ. ಅವನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆದರೂ ನೋಡಿದ. ಕೇಳುವವರ ಸಾಲಿನಲ್ಲಿ ಲಗಮಪ್ಪ ಮೊಳಕಾಲ ಮೇಲೆ ಕೈಯಿಟ್ಟು ಕೂತು ಆ ಇಪ್ಪತ್ತು ಮಂದಿಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಕ್ಕುಬಾಯಿ ಮಾತ್ರ ಚಪ್ಪರವನ್ನು ಬಿಟ್ಟು ನೇರವಾಗಿ ಗಂಡನನ್ನು ನೋಡುತ್ತಿದ್ದಳು.

ದಾಂಡೇಲಿಯ ಮೇಳ ಬಹಳ ಚೆನ್ನಾಗಿ ಹಾಡಿತು. ಶೇಖಪ್ಪ ಬದುಕಿನಲ್ಲಿ ಅಷ್ಟು ಚೆನ್ನಾಗಿ ಹಾಡಿದ್ದು ಅದೇ ಮೊದಲು. ಮಹಾಂತಪ್ಪನ ಕೈಯಲ್ಲಿ ಆ ಕಂಚಿನ ತಾಳ ಗಂಟೆಯ ಹಾಗೆ ನುಡಿದವು. ಢಾಲು ಅವರಿಗೇ ಬಂತು. ನಿರ್ಣಾಯಕರು ತಾಳದ ಶಿಸ್ತನ್ನು ವಿಶೇಷವಾಗಿ ಹೊಗಳಿದರು.

ಮರಳುವಾಗ ಲಾರಿಯಲ್ಲಿ ಹುಡುಗರು ಕೂಗಿ ಕುಣಿದರು. ಲಗಮಪ್ಪ ಒಂದು ಮೂಲೆಯಲ್ಲಿ ಚೀಲದ ಮೇಲೆ ಕೂತಿದ್ದವನು, "ಮಹಾಂತಪ್ಪ ತಾಳ ಭಾಳ ಛಲೋ ಹಿಡದಾ. ಅದು ಹಿಂಗ ನುಡೀತೈತಿ ಅಂತ ನನಗೂ ಗೊತ್ತಿರಲಿಲ್ಲ ನೋಡು" ಎಂದ. ಅಷ್ಟರಲ್ಲಿ ಯಾರೋ ಹಾಡು ಎತ್ತಿದರು.

ಮುಂದಿನ ಸೋಮವಾರ ಕಟ್ಟೆಯ ಮೇಲೆ ಢಾಲು ಇಟ್ಟು ಹೂ ಏರಿಸಿದರು. ಲಗಮಪ್ಪ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದ ಗೂಳಪ್ಪ. ಅದರ ಮುಂದಿನ ಸೋಮವಾರವೂ ಹುಷಾರಿರಲಿಲ್ಲ. ಮಾಲವ್ವ ಬರಲಿಲ್ಲ. ಹೆಂಗಸರ ಸಾಲು ಬರಿದಾಗಿತ್ತು. ಸಕ್ಕುಬಾಯಿಯನ್ನು ಕರೆದರೆ, "ರೊಟ್ಟಿ ಬಡಿಯೂದೈತಿ. ನೀವು ಹೋಗ್ರಿ" ಎಂದಳು. ವಾರವಾರವೂ ರೊಟ್ಟಿ ಬಡಿಯುವುದಿತ್ತು.

ಶೇಖಪ್ಪನಿಗೆ ಆಗ ಅದು ದೊಡ್ಡದಾಗಿ ಕಾಣಲಿಲ್ಲ. ಸೂಪಾದಿಂದ, ಮುಂಡಗೋಡದಿಂದ ಮೇಳಕ್ಕೆ ಕರೆ ಬರುತ್ತಿತ್ತು. ಹೋದಲ್ಲೆಲ್ಲ ಶಾಲು ಹೊದಿಸುತ್ತಿದ್ದರು. ಆದರೆ ಹುಡುಗರಲ್ಲಿ ಮುಂದಾಗಿ ಯಾರು ಹಾಡಬೇಕು ಎಂಬ ಹಟ ಹುಟ್ಟಿತು. ಇಬ್ಬರು ಮಾತು ಬಿಟ್ಟರು. ಮಾರನೆಯ ವರ್ಷ ಹಳಿಯಾಳದಲ್ಲಿ ಇವರ ಹೆಸರೇ ಬರಲಿಲ್ಲ. ಒಬ್ಬ ಊರಿಗೆ ಮರಳಿದ, ಇನ್ನೊಬ್ಬನಿಗೆ ಪಾಳಿ ಬದಲಾಯಿತು, ಮಹಾಂತಪ್ಪ ಒಂದು ನಾಟಕ ಕಂಪನಿಯ ಬೆನ್ನು ಹತ್ತಿ ಮಿಲ್ಲಿನ ಕೆಲಸವನ್ನೇ ಬಿಟ್ಟು ಹೋದ. ಹೋಗುವಾಗ ತಾಳವನ್ನು ಶೇಖಪ್ಪನ ಮನೆಯಲ್ಲಿ ಇಟ್ಟು ಹೋದ.

ಅರವತ್ನಾಲ್ಕರ ಮಳೆಗಾಲದ ಒಂದು ಸೋಮವಾರ ಕಟ್ಟೆಗೆ ಬಂದವರು ಇಬ್ಬರೇ, ಶೇಖಪ್ಪ ಮತ್ತು ಮನ್ಸೂರ. ಮನ್ಸೂರ ಪೇಟಿಯ ಮುಚ್ಚಳ ತೆರೆಯಲಿಲ್ಲ.

"ಯಾರೂ ಬರವಲ್ರು ನೋಡು" ಎಂದ ಶೇಖಪ್ಪ. "ಏನ ಆಗೇತಿ ಮಂದಿಗೆ?"

"ಮಂದಿಗೆ ಏನೂ ಆಗಿಲ್ಲ." ಮನ್ಸೂರ ಬೀಡಿ ಹಚ್ಚಿಕೊಂಡ. "ಹಳಿಯಾಳಕ್ಕ ಬೇಕಾದವರನ್ನ ಇಟಗೊಂಡಿ, ಅವರು ಹಳಿಯಾಳ ಮುಗದ ಮ್ಯಾಲೆ ಹೋದ್ರು. ಸೋಮವಾರಕ್ಕೊಮ್ಮೆ ಬರಾವ್ರು ಬ್ಯಾರೇನ ಇದ್ರಲ್ಲೋ ಶೇಖಪ್ಪ. ಅವರನ್ನ ನೀ ಎಬ್ಬಿಸಿ ಕಳಿಸಿದಿ. ನಾನೂ ಸುಮ್ಮನ ಕುಂತೆ. ಅವತ್ತ ನಾ ಬಾಯಿ ಬಿಟ್ಟಿದ್ರ ಛಲೋ ಇತ್ತು."

ಶೇಖಪ್ಪನಿಗೆ ಸಿಟ್ಟು ಬಂತು. ಚೆನ್ನಾಗಿ ಹಾಡಬೇಕು ಎಂದದ್ದು ತಪ್ಪೇ? ಅಪಸ್ವರವನ್ನು ಅಪಸ್ವರ ಅಂದದ್ದು ತಪ್ಪೇ? ಜೋರಾಗಿ ಹಾಗೆಲ್ಲ ಕೇಳಿದ. ಮನ್ಸೂರ ಬೀಡಿ ಸೇದಿ ಮುಗಿಸಿ, ಪೇಟಿಯನ್ನು ಹೆಗಲಿಗೇರಿಸಿಕೊಂಡು, "ನಾಳೆ ಲಾರಿ ಇಂಜಿನ್ ಇಳಸೂದೈತಿ" ಎಂದು ಹೋದ. ಕಟ್ಟೆಯ ಮೇಲೆ ಒಬ್ಬನೇ ಉಳಿದಾಗ ಶೇಖಪ್ಪನಿಗೆ ಮೊದಲ ಸಲ ಲಗಮಪ್ಪನನ್ನು ಹೋಗಿ ನೋಡಬೇಕು ಎನಿಸಿತು. ಆದರೆ ಲಗಮಪ್ಪ ಆಗ ಚಾಳಿನಲ್ಲಿರಲಿಲ್ಲ. ಹಿಂದಿನ ವರ್ಷವೇ ಮುಂಡಗೋಡ ತಾಲೂಕಿನ ಪಾಳಾದಲ್ಲಿದ್ದ ಮಗಳು ಶಂಕ್ರೆವ್ವನ ಮನೆಗೆ ಹೋಗಿದ್ದ. ಹೋಗುವ ದಿನ ಶೇಖಪ್ಪ ಪಾಳಿಯಲ್ಲಿದ್ದ. ಮುದುಕ ಹೇಳಿ ಹೋಗಲು ಮನೆಗೆ ಬಂದಿದ್ದನೆಂದು ಸಕ್ಕುಬಾಯಿ ಹೇಳಿದ್ದಳು. ಆಗಲಿ, ಮತ್ತೆ ಬರುತ್ತಾನಲ್ಲ ಎಂದುಕೊಂಡು ಸುಮ್ಮನಾಗಿದ್ದ.

ಹೋಗಬೇಕು ಎನಿಸಿದ ಮೇಲೂ ಹೋಗುವುದಕ್ಕೆ ಹಲವು ತಿಂಗಳು ಹಿಡಿಯಿತು. ರಜೆ ಸಿಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅರವತ್ತೈದರ ಬೇಸಿಗೆಯಲ್ಲಿ ಕೊನೆಗೂ ಆ ತಾಳವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೊರಟ. ಹಳಿಯಾಳ, ಕಲಘಟಗಿ ಎಂದು ಬಸ್ಸು ಬದಲಿಸುತ್ತ ಮುಂಡಗೋಡಕ್ಕೆ ಬಂದು, ಅಲ್ಲಿಂದ ಪಾಳಾ ಮುಟ್ಟುವಾಗ ದನ ಮನೆಗೆ ಬರುವ ಹೊತ್ತಾಗಿತ್ತು.

ಶಂಕ್ರೆವ್ವ ಕಾಲಿಗೆ ನೀರು ಕೊಟ್ಟಳು. "ಅಪ್ಪ ಗುಡಿಕಡೆ ಹೋಗ್ಯಾನ್ರಿ. ಇವತ್ತ ಸೋಮವಾರ ಅಲ್ಲಾ?" ಎಂದಳು. ಅವನು ಚಹಾ ಕುಡಿದು ಗುಡಿಯ ಕಡೆ ನಡೆದ. ದೂರದಿಂದಲೇ ಕೇಳಿಸಿತು. ಏಳೆಂಟು ಮಂದಿ ಒಕ್ಕಲು ಮಕ್ಕಳು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಕೂಗುತ್ತಿದ್ದರು. ಪೇಟಿ ಇರಲಿಲ್ಲ. ನಡುವೆ ಲಗಮಪ್ಪ, ಬಹಳ ಇಳಿದುಹೋಗಿದ್ದ, ತೆಳ್ಳನೆಯ ಹಿತ್ತಾಳೆಯ ತಾಳ ಬಾರಿಸುತ್ತಿದ್ದ. ಎಂದಿನಂತೆ ತಪ್ಪುತ್ತಿದ್ದ. ಅವನು ತಪ್ಪಿದಾಗ ಎಲ್ಲರೂ ಸೇರಿ ತಪ್ಪುತ್ತಿದ್ದರು. ಹಾಗಾಗಿ ಅದು ತಪ್ಪು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಶೇಖಪ್ಪಾ! ಬಾರೋ ತಮ್ಮಾ!" ಮುದುಕ ಎದ್ದೇ ನಿಂತ. "ಏ, ನಾ ಹೇಳ್ತಿದ್ನಲ್ಲಾ, ಹಳಿಯಾಳದಾಗ ಢಾಲು ಗೆದ್ದಾನ ಅಂತ, ಇವನ ನೋಡ್ರಿ!"

ಭಜನೆ ಮುಗಿದು ಉಳಿದವರು ಎಲೆ ಅಡಿಕೆಗೆ ಕೂತಾಗ ಶೇಖಪ್ಪ ಅವನನ್ನು ಗುಡಿಯ ಮಗ್ಗುಲಿಗೆ ಕರೆದೊಯ್ದ.

"ಕಾಕಾ, ಅವತ್ತ ಹತ್ತು ಮಂದಿ ಅಂತ ನೇಮ... ಅದು ಇರಲಿಲ್ರಿ. ನಾ ಸುಳ್ಳು ಹೇಳಿದ್ದೆ."

"ಗೊತ್ತಿತ್ತಲ್ಲೋ."

"ಹಳಿಯಾಳದಾಗ ನೋಡಿದ ಮ್ಯಾಲೆ..."

"ಅಲ್ಲೆ ಅಲ್ಲ. ನೀ ಹೇಳಿದ ಕೂಡ್ಲೇ ಗೊತ್ತಾತು. ನಿನಗ ಸುಳ್ಳು ಹೇಳಾಕ ಬರೂದಿಲ್ಲ, ದನಿ ಇಳೀತೈತಿ."

"ಮತ್ತ ಯಾಕ ಬಂದ್ರಿ ಅಲ್ಲಿತನಕ?"

ಲಗಮಪ್ಪ ಆಶ್ಚರ್ಯದಿಂದ ಅವನನ್ನು ನೋಡಿದ. "ನಮ್ಮ ಮೇಳ ಹಾಡೂದು ಕೇಳಬ್ಯಾಡೇನು?"

ಶೇಖಪ್ಪ, "ವಾಪಸ್ ಬರ್ರಿ ಕಾಕಾ. ಮತ್ತ ಸುರು ಮಾಡೂಣು. ಎಲ್ಲಾರ್ನೂ ಕರೀತೇನಿ" ಎಂದ.

"ಬ್ಯಾಡಪಾ. ಇಲ್ಲೆ ಚಂದ ಐತಿ. ಮೊಮ್ಮಕ್ಕಳದಾವ. ಈ ಮಂದಿಗೂ ನನ್ನ ಬಿಟ್ರ ಯಾರೂ ಇಲ್ಲ" ಎಂದು ಮುದುಕ ನಕ್ಕ.

ಶೇಖಪ್ಪ ವಸ್ತ್ರ ಬಿಚ್ಚಿ ಕಂಚಿನ ತಾಳವನ್ನು ಅವನ ಕೈಗೆ ಕೊಟ್ಟ. ಲಗಮಪ್ಪ ಅವನ್ನು ಕಣ್ಣಿಗೆ ಒತ್ತಿಕೊಂಡ, ಬೆರಳಿಂದ ಸವರಿದ, ದಾರ ಹೊಸದಾಗಿದೆಯಲ್ಲ ಎಂದ. ಮಕ್ಕಳಿಗೆ ತೋರಿಸುವವನ ಹಾಗೆ ಒಳಗೆ ಹೋಗಿ ಎಲ್ಲರಿಗೂ ತೋರಿಸಿದ. ಊರವರು ಅತಿಥಿಯನ್ನು ಬಿಡುತ್ತಾರೆಯೇ? ಒಂದು ಪದ ಹೇಳಲೇಬೇಕು ಎಂದರು.

ಶೇಖಪ್ಪ ಅದಕ್ಕೇ ಕಾದಿದ್ದ. ದಾಂಡೇಲಿಯ ಕಟ್ಟೆಯ ಮೇಲೆ ಮೊದಲ ದಿನ ಜೊತೆಗೂಡಿ ಹಾಡಿದ ಅದೇ ಪದವನ್ನು ಎತ್ತಿದ. ಇವತ್ತು ಮುದುಕನ ತಾಳ ಎಲ್ಲಿಗೆ ಕರೆದೊಯ್ದರೂ ಹೋಗಬೇಕು, ಕಾಯಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಒಂದು ಸಾಲು ಹಾಡಿ ಕಾದ. ತಾಳ ಬರಲಿಲ್ಲ. ಕಣ್ಣು ತೆರೆದು ನೋಡಿದ. ಲಗಮಪ್ಪ ತಾಳವನ್ನು ತೊಡೆಯ ಮೇಲಿಟ್ಟು, ಸದ್ದಾಗದ ಹಾಗೆ ಎರಡೂ ಅಂಗೈಯಿಂದ ಮುಚ್ಚಿ ಹಿಡಿದು ಕೂತಿದ್ದ.

"ಬಾರಿಸ್ರಿ ಕಾಕಾ."

"ನೀ ಹಾಡು ತಮ್ಮಾ. ನಾ ಕೇಳ್ತೇನಿ."

"ಬಾರಿಸ್ರಿ. ನಾ ನಿಮ್ಮ ಹಿಂದ ಬರ್ತೇನಿ."

"ಬ್ಯಾಡೋ. ನಿನ್ನ ಹಾಡು ಕೆಡತೈತಿ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ನೀರು ಬಿಸಿ ಇದೆ, ಮುಟ್ಟಬೇಡ ಎಂದು ಮಕ್ಕಳಿಗೆ ಹೇಳುವಷ್ಟು ಸಹಜವಾಗಿ ಹೇಳಿದ. ಶೇಖಪ್ಪ ಆ ಪದವನ್ನು ಒಬ್ಬನೇ ಹಾಡಿ ಮುಗಿಸಿದ. ಎಲ್ಲರೂ ವಾಹ್ ವಾಹ್ ಎಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟ. ಲಗಮಪ್ಪ ರಸ್ತೆಯವರೆಗೂ ಬಂದು ಕಳಿಸಿದ. ಆಮೇಲೆ ಅವನನ್ನು ಕಾಣುವ ಯೋಗ ಬರಲಿಲ್ಲ. ಅರವತ್ತೇಳರ ಶ್ರಾವಣದಲ್ಲಿ ಪಾಳಾದಿಂದ ಮುದುಕ ತೀರಿಕೊಂಡ ಸುದ್ದಿ ಬಂತು. ಗೂಳಪ್ಪ ಮಣ್ಣಿಗೆ ಹೋಗಿ ಬಂದ.

ದಾಂಡೇಲಿಯಲ್ಲಿ ಮೇಳವನ್ನು ಮತ್ತೆ ಕಟ್ಟಬೇಕೆಂದು ಶೇಖಪ್ಪ ಮನೆಮನೆಗೆ ಹೋದದ್ದುಂಟು. ಮಾಲವ್ವ, "ನನ್ನ ಗಂಟಲಾ ಈಗ ಬರೇ ಪಲ್ಲೆ ಕೂಗಾಕ ಸಾಕಾಗತೈತಿ" ಎಂದು ನಕ್ಕು ಕಳಿಸಿದಳು. ಹೊಸ ತರುಣರು ಬಂದರು, ಆದರೆ ಸ್ಪರ್ಧೆ ಯಾವಾಗ ಎಂದು ಕೇಳಿಕೊಂಡೇ ಬಂದರು. ಸ್ಪರ್ಧೆ ಇಲ್ಲ ಎಂದಾಗ ಒಂದೆರಡು ವಾರ ಕೂತು ಹೋದರು. ಹಾಡಲು ಬಾರದವರನ್ನು, ಬಾಯಿ ಬಿಡಲು ನಾಚುವವರನ್ನು ಅವನು ಹುಡುಕಿ ಹುಡುಕಿ ಕರೆದ. ಅವರು, ಢಾಲು ಗೆದ್ದವನ ಪಕ್ಕದಲ್ಲಿ ನಾವು ಹ್ಯಾಗೆ ಕೂಡುವುದು ಎಂದು ಹಿಂಜರಿದರು. ಅವನ ಹೆಸರೇ ಅವನಿಗೆ ಅಡ್ಡವಾಗಿತ್ತು.

ಮನೆಯೊಳಗೂ ಒಂದು ಪ್ರಯತ್ನ ಮಾಡಿದ. ಒಂದು ಭಾನುವಾರ ಊಟದ ಮೇಲೆ ಸಕ್ಕುಬಾಯಿಯ ಎದುರು ಕೂತು ಆ ಜೋಡಿ ಪದವನ್ನು ಮೆಲ್ಲಗೆ ಎತ್ತಿ, ಅವಳ ಮರುನುಡಿಗೆ ನಿಂತ.

"ಹೇಳು" ಎಂದ.

"ನನಗ ಬರೂದಿಲ್ರಿ."

"ಬರ್ತಿತ್ತಲ್ಲ?"

ಅವಳು ಪಾತ್ರೆ ಎತ್ತಿಕೊಳ್ಳುತ್ತ, "ಬರ್ತೈತಿ ಅಂತ ನಾನ ತಿಳಕೊಂಡಿದ್ದೆ" ಎಂದಳು.

"ಅವತ್ತ ನಾ ಎಲ್ಲಾರ ಮುಂದ ಹಂಗ ಅನಬಾರದಿತ್ತು, ಸಕ್ಕೂ."

"ಹೋಗ್ಲಿ ಬಿಡ್ರಿ. ಎಷ್ಟ ವರ್ಷಾತು" ಎಂದಳು. ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಆದರೆ ಹಾಡಲಿಲ್ಲ. ಅವನು ಮತ್ತೆ ಕೇಳಲಿಲ್ಲ.

ಅದಾದ ವರ್ಷವೋ ಎರಡು ವರ್ಷವೋ ಆಗಿರಬೇಕು. ಒಂದು ದಿನ ಯಂತ್ರ ಕೆಟ್ಟು ಪಾಳಿಯವರನ್ನು ಮಧ್ಯಾಹ್ನಕ್ಕೇ ಬಿಟ್ಟರು. ಶೇಖಪ್ಪ ಮನೆಯ ಹತ್ತಿರ ಬಂದಾಗ ಒಳಗಿಂದ ಹಾಡು ಕೇಳಿಸಿತು. ಸಕ್ಕುಬಾಯಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ಮಗ್ಗುಲ ಮನೆಯವರು ಮಲಗಿಸಿ ಹೋದ ಕೂಸಿಗೆ ತಾಯಿಯ ಕಾಲದ ಯಾವುದೋ ಹಾಡು ಹೇಳುತ್ತಿದ್ದಳು. ಮೇಲಿನ ಸ್ವರದಲ್ಲಿ ತುಸು ಕೆಳಗೇ ನಿಂತಳು. ಶೇಖಪ್ಪ ಸಂತೋಷಕ್ಕೆ ಬಾಗಿಲು ದಾಟಿ ಒಳಗೆ ಕಾಲಿಟ್ಟ. ಹಾಡು ಅರ್ಧಕ್ಕೇ ನಿಂತಿತು.

"ಯಾಕ, ಇಷ್ಟ ಲಗೂ ಬಂದ್ರಿ?" ಎಂದು ಎದ್ದು ನೀರು ತರಲು ಹೋದಳು.

ಅಲ್ಲಿಂದ ಮುಂದೆ ಅವನು ಮನೆಗೆ ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರತೊಡಗಿದ. ಎಷ್ಟೋ ದಿನ ಒಳಗೆ ಸದ್ದೇ ಇರುತ್ತಿರಲಿಲ್ಲ. ಹಾಡು ಕೇಳಿಸಿದ ದಿನ ಗೋಡೆಗೆ ಬೆನ್ನು ಕೊಟ್ಟು ಹೊರಗೇ ಕೂಡುತ್ತಿದ್ದ. ಚಾಳಿನ ಮಂದಿ ಹೋಗುತ್ತ ಬರುತ್ತ, "ಯಾಕ ಶೇಖಪ್ಪಣ್ಣ, ಒಳಗ ಹೋಗಿಲ್ಲೇನು?" ಎಂದು ಕೇಳುತ್ತಿದ್ದರು. ಅವನು ತುಟಿಯ ಮೇಲೆ ಬೆರಳಿಟ್ಟು ಅವರನ್ನು ಮುಂದೆ ಕಳಿಸುತ್ತಿದ್ದ.